ಅಮ್ಮನಿಗಾಗಿ ಕೊಯ್ದ ಜೀಪು

ನಮ್ಮ ಜೀಪಿನ ಎಡಗಡೆಯ ಬಾಡಿಯಲ್ಲಿ, ಮುಂದಿನ ಸೀಟಿನ ಹಿಂದೆ, ಒಂದು ದೊಡ್ಡ ಬಾಯಿ ಇದೆ. ಕೋಲಾರದ ಸುತ್ತಮುತ್ತ ಜೀಪಿನಲ್ಲಿ ಬಂಡೆ ಹತ್ತುವ ಹುಚ್ಚಿರುವವರು ನನ್ನ ತಮ್ಮನನ್ನು ಹುಡುಕಿಕೊಂಡು ಮನೆಗೆ ಬಂದಾಗಲೆಲ್ಲ ಅದರ ಮುಂದೆ ನಿಂತು ಇದೇನು ಡಿಸೈನು, ಯಾವ ಗ್ಯಾರೇಜು ಎಂದು ಕೇಳುತ್ತಾರೆ. ತಮ್ಮ ನಕ್ಕು ಸುಮ್ಮನಾಗುತ್ತಾನೆ. ಅವನ ಅಕ್ಕನಾದ ನನಗೆ ಸುಮ್ಮನಿರುವ ವಿದ್ಯೆ ಹುಟ್ಟಿನಿಂದಲೇ ಬಂದಿಲ್ಲ. ಗ್ಯಾರೇಜೂ ಇಲ್ಲ ಗೀರೇಜೂ ಇಲ್ಲ, ಇದೇ ಅಂಗಳದಲ್ಲಿ ಹುಣಸೆಮರದ ಕೆಳಗೆ ನಾವೇ ಕೊಯ್ದದ್ದು ಎಂದು ಹೇಳಿಬಿಡುತ್ತೇನೆ. ಯಾಕೆ ಕೊಯ್ದೆವು ಅನ್ನುವುದು ಮಾತ್ರ ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ.

ಜೀಪು ಅಪ್ಪನದು. ಮುಳಬಾಗಿಲಿನ ಹತ್ತಿರದ ನಮ್ಮೂರಿಗೆ ಅದು ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಉದ್ದ ಚಾಸಿಯ ಹಳೇ ಗಾಡಿ, ಬಾಗಿಲಿಲ್ಲ, ಮೇಲೆ ಟಾರ್ಪಾಲು. ಟೊಮೆಟೊ, ಹಿಪ್ಪುನೇರಳೆ ಸೊಪ್ಪು, ಹಾಲಿನ ಕ್ಯಾನು, ಒಮ್ಮೆ ಕಾಲು ಮುರಿದುಕೊಂಡ ಕರು, ಎಲ್ಲವೂ ಅದರಲ್ಲೇ ಓಡಾಡಿವೆ. ಆದರೆ ಅಪ್ಪ ಅದನ್ನು ಕೊಂಡದ್ದು ಮಾವಿನ ತೋಪಿಗಾಗಿ. ತೋಪಿರುವುದು ಶ್ರೀನಿವಾಸಪುರದ ಕಡೆ, ಗುಡ್ಡದ ಪಕ್ಕ. ಕೊನೆಯ ಒಂದಷ್ಟು ದೂರವನ್ನು ದಾರಿ ಎಂದು ಕರೆಯಲು ಧೈರ್ಯ ಬೇಕು. ಬರೀ ಬಂಡೆ ಮತ್ತು ಕೊರಕಲು.

ಆ ತೋಪನ್ನು ಬದುಕಿಸಿದವಳು ಅಮ್ಮ. ಸಸಿ ನೆಟ್ಟ ಮೊದಲ ಬೇಸಿಗೆಗಳಲ್ಲಿ ಕೆಳಗಿನ ಕುಂಟೆಯಿಂದ ಕೊಡದಲ್ಲಿ ನೀರು ಹೊತ್ತು ಒಂದೊಂದನ್ನೂ ಉಳಿಸಿಕೊಂಡಿದ್ದಳು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕೊಯ್ಲು ಶುರುವಾಗುವ ದಿನ ಅಮ್ಮ ಮೊದಲ ಮರದ ಕೆಳಗೆ ಕೂತು ಸೆರಗೊಡ್ಡಬೇಕು, ಅಪ್ಪ ಮೊದಲು ಕಿತ್ತ ಕಾಯಿಗಳನ್ನು ಅವಳ ಮಡಿಲಿಗೆ ಹಾಕಬೇಕು. ಆಮೇಲೆಯೇ ಮಿಕ್ಕ ಮರಗಳಿಗೆ ಕೈ. ಊರಿನಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ. ಅಮ್ಮನೂ ಇದನ್ನು ದೊಡ್ಡದು ಮಾಡುತ್ತಿರಲಿಲ್ಲ, ಆದರೆ ಅವತ್ತಿಗೆಂದೇ ಒಂದು ಸೀರೆ ಎತ್ತಿಡುತ್ತಿದ್ದಳು.

ತಮ್ಮ ದೊಡ್ಡವನಾದ ಮೇಲೆ ಜೀಪಿನ ಮೇಲೆ ಅವನ ಕಣ್ಣು ಬಿತ್ತು. ಭಾನುವಾರಗಳಲ್ಲಿ ಗೆಳೆಯರ ಜೊತೆ ಬಂಡೆ ಹತ್ತಲು ಹೊರಟ. ದೊಡ್ಡ ಟೈರು ತಂದ, ಅದು ಕೂರಲೆಂದು ಮಡ್‌ಗಾರ್ಡ್ ಕತ್ತರಿಸಿದ, ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಏನೇನೋ ಇಟ್ಟು ಗಾಡಿಯನ್ನು ಮೇಲೆತ್ತಿದ. ಅಪ್ಪ ಬೈಯಲಿಲ್ಲ. ತೋಪಿನ ಕೊರಕಲಿನಲ್ಲಿ ಹೊಟ್ಟೆ ತಗುಲದೆ ದಾಟಿದಾಗ ಒಳಗೊಳಗೇ ಖುಷಿಪಟ್ಟನೆಂದೇ ನನ್ನ ಅನುಮಾನ.

ಅಮ್ಮನ ಮಂಡಿ ಹಾಳಾದದ್ದೂ ಅದೇ ಹೊತ್ತಿಗೆ. ಕೊಯ್ಲಿನ ದಿನ ಎತ್ತಿಟ್ಟ ಸೀರೆ ಉಟ್ಟು ಬಂದವಳು ಜೀಪಿನ ಮುಂದೆ ನಿಂತಳು. ಒಳಗಿನ ನೆಲವೇ ಅವಳ ಸೊಂಟದ ಮಟ್ಟಕ್ಕಿತ್ತು. ಕಾಲೆತ್ತಿ ನೋಡಿದಳು, ಆಗಲಿಲ್ಲ. ತಮ್ಮ ಎತ್ತಿ ಕೂರಿಸುತ್ತೇನೆಂದು ಬಂದರೆ, ನಾನೇನು ಮೂಟೆಯಾ ಎಂದು ಅವನ ಕೈ ಸರಿಸಿದಳು. ಆಮೇಲೆ ನಕ್ಕು, "ಪೋನೀಲೇ, ನೀವು ಹೋಗಿ ಬನ್ರಿ," ಅಂದಳು. ಅಮ್ಮನ ತವರು ಗಡಿಯಾಚೆ. ನೋವಾದದ್ದನ್ನು ಹೋಗಲಿ ಬಿಡು ಎನ್ನಬೇಕಾದಾಗ ಮಾತ್ರ ಅವಳ ಬಾಯಿಗೆ ತೆಲುಗು ಬರುತ್ತಿತ್ತು.

ಆ ವರ್ಷ ಮೊದಲ ಕಾಯಿಗಳನ್ನು ಮನೆಗೇ ತಂದು ಜಗಲಿಯ ಮೇಲೆ ಕೂತಿದ್ದವಳ ಮಡಿಲಿಗೆ ಹಾಕಿದೆವು. ಅವಳು ಅವನ್ನು ಎತ್ತಿ ಪಕ್ಕದ ಬುಟ್ಟಿಯಲ್ಲಿಟ್ಟು ಅಡುಗೆಮನೆಗೆ ಹೋದಳು. ಮಾರನೆಯ ವರ್ಷವೂ ಹಾಗೇ ಆಯಿತು. ಸಂಜೆ ನಾನು ಕಾಫಿ ಕುಡಿಯುತ್ತಿದ್ದಾಗ ಅವಳೇ ಮಾತು ತೆಗೆದಳು. ಮರಗಳು ಈಗ ಎಷ್ಟೆತ್ತರ ಆಗಿವೆ, ಕುಂಟೆ ಪಕ್ಕದ ಸೊಟ್ಟ ಮರ ಬದುಕಿದೆಯಾ ಎಂದೆಲ್ಲ ಕೇಳಿದಳು. ತನ್ನ ಮಕ್ಕಳ ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳುವವಳ ಹಾಗೆ ಕೇಳಿದಳು. ಬಾಗಿಲ ಹೊರಗೆ ಅಪ್ಪ ಚಪ್ಪಲಿ ಬಿಡುತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿತ್ತು.

ಮುಂದಿನ ಸುಗ್ಗಿಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ, ಒಂದು ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಇಟ್ಟಿಗೆ ಜೋಡಿಸಿದ. ಅಮ್ಮನನ್ನು ಕರೆದು ಅದರ ಮೇಲೆ ಕಾಲಿಡು ಅಂದ. ಒಂದು ಇಟ್ಟಿಗೆಗೆ ತೊಂದರೆಯಿಲ್ಲ. ಇನ್ನೊಂದು ಇಟ್ಟ. ಮತ್ತೊಂದು ಇಟ್ಟಾಗ ಅಮ್ಮ ಪರವಾಗಿಲ್ಲ ಅಂದಳು. ಅಪ್ಪ ಅವಳ ಮಾತು ಕೇಳದೆ ಮುಖ ನೋಡುತ್ತಿದ್ದ. ಮೇಲಿನ ಇಟ್ಟಿಗೆ ತೆಗೆದು ಆ ಎತ್ತರವನ್ನು ಒಂದು ಕಡ್ಡಿಯಲ್ಲಿ ಅಳೆದುಕೊಂಡ.

ಅಪ್ಪನ ಲೆಕ್ಕ ಹೀಗಿತ್ತು. ಮುಂದಿನ ಸೀಟಿಗೆ ಹತ್ತಲು ಮಂಡಿ ಮಡಚಿ ನುಸುಳಬೇಕು, ಅದು ಅಮ್ಮನಿಂದ ಆಗದು. ಮುಂದಿನ ಸೀಟಿಗೂ ಹಿಂದಿನ ಚಕ್ರಕ್ಕೂ ನಡುವಿನ ಬಾಡಿಯ ತಗಡನ್ನು ಜೀಪಿನ ಒಳನೆಲದ ಮಟ್ಟದವರೆಗೆ ಕೊಯ್ದು ತೆಗೆಯುವುದು. ಅದರ ಕೆಳಗೆ ಚಾಸಿಯಿಂದ ಒಂದು ಮೆಟ್ಟಿಲು ಇಳಿಬಿಡುವುದು. ಅಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು, ಹಾಗೇ ಹಿಂದೆ ತಿರುಗಿ ಒಳನೆಲದ ಅಂಚಿನ ಮೇಲೆ ಕೂತು, ಕಾಲು ಒಳಗೆ ಎಳೆದುಕೊಂಡರೆ ಆಯಿತು. ತಮ್ಮ ಕೇಳಿ ಮುಖ ಊದಿಸಿಕೊಂಡ. ಅಷ್ಟು ತಗಡು ತೆಗೆದರೆ ಬಾಡಿಗೆ ಬಿಗಿ ಎಲ್ಲಿರುತ್ತೆ, ಬಂಡೆಯ ಮೇಲೆ ಒಂದು ಚಕ್ರ ಎದ್ದರೆ ಎಲ್ಲ ತಿರುಚಿಕೊಳ್ಳುತ್ತೆ ಎಂದ. ಅವನು ಹೇಳಿದ್ದು ಸುಳ್ಳೇನಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಬಂಡೆ ಹತ್ತೋಕೆ ಕೊಯ್ದೆಯಲ್ಲೋ, ನಿಮ್ಮಮ್ಮ ಹತ್ತೋಕೆ ಕೊಯ್ಬಾರ್ದಾ?"

ತಮ್ಮ ಎದ್ದು ಹೋದ. ಮಧ್ಯಾಹ್ನ ಬರುವಾಗ ಕಬ್ಬಿಣದ ಪೈಪು ತಂದಿದ್ದ. ಕೊಯ್ದ ಬಾಯಿಯ ಸುತ್ತ ಇದನ್ನು ಚೌಕಟ್ಟು ಮಾಡಿ ಬೆಸೆದರೆ ಬಿಗಿ ಉಳಿಯುತ್ತೆ ಎಂದ, ಯಾರ ಮುಖವನ್ನೂ ನೋಡದೆ.

ಮಂಗಳವಾರ, ಶುಕ್ರವಾರ ಗಾಡಿಗೆ ಗರಗಸ ಇಡಬಾರದೆಂದು ಅಮ್ಮನ ಅಪ್ಪಣೆಯಾಗಿತ್ತು. ನನಗೆ ಮಾಲೂರಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ಭಾನುವಾರವೇ ರಜೆ. ಆದ್ದರಿಂದ ಭಾನುವಾರವೇ ಗೊತ್ತಾಯಿತು. ವೆಲ್ಡಿಂಗ್ ಮಷೀನಿಗೆ ಮೂರು ಫೇಸ್ ಕರೆಂಟು ಬೇಕು, ಅದು ಬರುವುದು ಪಂಪ್‌ಸೆಟ್ಟಿಗೆ ಕೊಡುವ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಟೊಮೆಟೊಗೆ ಅವತ್ತು ನೀರಿಲ್ಲ. ಮಾವಿನ ಹಣ್ಣಿನ ರಟ್ಟಿನ ಪೆಟ್ಟಿಗೆ ಬಿಡಿಸಿ ಬಾಯಿಯ ಆಕಾರ ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಅಮ್ಮ ಬಂದು ಗೆರೆಯ ಒಳಗೆ, ತಗಡು ಬಿದ್ದುಹೋಗುವ ಕಡೆ, ಅರಿಸಿನ ಕುಂಕುಮ ಇಟ್ಟು ಕೈಮುಗಿದಳು. ನಾವು ನಕ್ಕರೆ, ಇಷ್ಟು ವರ್ಷ ಹೊತ್ತು ತಿರುಗಿದೆ, ಹೇಳದೇ ಕೇಳದೇ ಕೊಯ್ತೀರಾ ಎಂದು ನಮ್ಮನ್ನೇ ಗದರಿದಳು.

ಗ್ರೈಂಡರ್ ಹಿಡಿದವನು ಅಪ್ಪ, ಬೆಸೆದವನು ತಮ್ಮ, ತಗಡು ನಡುಗದಂತೆ ಒತ್ತಿ ಹಿಡಿದವಳು ನಾನು. ಕಿಡಿ ತೋಳಿಗೆ ಬಿದ್ದಾಗಲೆಲ್ಲ ಇಬ್ಬರಿಗೂ ಸೇರಿಸಿ ಬೈದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಅವರಿಗೆ ಹೊಸದಲ್ಲ. ಒಮ್ಮೆ ಕೈಗಂಟಿದ ಗ್ರೀಸ್ ಒರೆಸಲು ಅಪ್ಪನ ಹೆಗಲ ಟವಲಿಗೆ ಕೈ ಹಾಕಿದ್ದಕ್ಕೆ ಅಪ್ಪ ಥಟ್ಟನೆ ಹಿಂದೆ ಸರಿದ. ಆ ಬಿಳಿ ಟವಲು ಹಾಗೆಲ್ಲ ಯಾರೂ ಮುಟ್ಟುವಂಥದ್ದಲ್ಲ. ದೇವಸ್ಥಾನಕ್ಕೆ, ನ್ಯಾಯ ಪಂಚಾಯಿತಿಗೆ, ಟೊಮೆಟೊ ಮಂಡಿಗೆ, ಎಲ್ಲಿಗೂ ಅದು ಹೆಗಲ ಮೇಲೆ ಇದ್ದೇ ಇರಬೇಕು, ನೆಲಕ್ಕೆ ಸೋಕಬಾರದು. ಅಮ್ಮ ಅದನ್ನು ದಿನಾ ಒಗೆಯುತ್ತಿದ್ದಳು. ಬೇರೆಯವರು ಒಗೆದದ್ದನ್ನು ಅವಳು ನಂಬುತ್ತಿರಲಿಲ್ಲ. ನಾನು ಒಗೆದು ಹರವಿದ ಬಟ್ಟೆಯನ್ನೂ ತಂತಿಯಿಂದ ಇಳಿಸಿ ಮತ್ತೆ ಕಲ್ಲಿಗೆ ಹಾಕುತ್ತಿದ್ದಳು.

ಕೊಯ್ದ ಅಂಚು ಅಮ್ಮನ ಸೀರೆ ಹರಿಯದಿರಲೆಂದು ಅಪ್ಪ ಹಳೇ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಸುತ್ತಲೂ ಸಿಕ್ಕಿಸಿದ. ಮೆಟ್ಟಿಲಿಗೆ ತಮ್ಮ ಕಾಲು ಜಾರದಂಥ ಉಬ್ಬು ಗೆರೆಯ ದಪ್ಪ ತಗಡು ಹಾಕಿ, ಚೆಂದ ಕಾಣಲೆಂದು ಕಪ್ಪು ಬಣ್ಣ ಬಳಿದ. ಸಂಜೆ ನೆರಳಿನಲ್ಲಿ ನಿಂತು ಮೂವರೂ ನಮ್ಮ ಕೆಲಸವನ್ನು ನೋಡಿದ್ದೇ ನೋಡಿದ್ದು. ಅಂಥ ಖುಷಿಯ ದಿನಗಳು ಆಮೇಲೆ ನನಗೆ ಹೆಚ್ಚು ಸಿಕ್ಕಿಲ್ಲ.

ಕೊಯ್ಲಿನ ದಿನ ಬಂತು. ಕ್ರೇಟು ತುಂಬಿಕೊಂಡು ಹೊರಡುವಷ್ಟರಲ್ಲಿ ಬಿಸಿಲು ಏರಿತ್ತು. ಅಮ್ಮ ಎತ್ತಿಟ್ಟ ಸೀರೆ ಉಟ್ಟು ಬಂದು, ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕಾಲಿಟ್ಟವಳೇ ಹಿಂದಕ್ಕೆ ತೆಗೆದಳು. ಕಪ್ಪು ಕಬ್ಬಿಣ ಹೆಂಚಿನಂತೆ ಕಾದಿತ್ತು. ಆಗ ನಮಗೆ ಹೊಳೆಯಿತು. ಆಯುಧಪೂಜೆಗೆ ಪೂಜೆ ಮಾಡಿಸಿಕೊಳ್ಳುವ ಗಾಡಿಗೆ ಅಮ್ಮ ಯಾವತ್ತೂ ಚಪ್ಪಲಿ ಹಾಕಿಕೊಂಡು ಹತ್ತಿದವಳಲ್ಲ. ಅದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ಎತ್ತರ ಅಳೆದೆವು, ಅಂಚಿಗೆ ಪೈಪು ಸಿಕ್ಕಿಸಿದೆವು, ಅವಳ ಬರಿಗಾಲು ಮಾತ್ರ ಮೂವರಲ್ಲಿ ಒಬ್ಬರ ನೆನಪಿಗೂ ಬರಲಿಲ್ಲ.

ಇವತ್ತೊಂದಿನ ಚಪ್ಪಲಿ ಹಾಕ್ಕೋ ಎಂದು ನಾನು ರೇಗಿದೆ. ಆಗಲ್ಲ ಅಂದಳು. ತಮ್ಮ ಗೋಣಿಚೀಲ ಹುಡುಕಲು ಹಿತ್ತಲಿಗೆ ಓಡಿದ. ಅಮ್ಮ ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿ, "ಪೋನೀಲೇ," ಅಂದಳು.

ಅಪ್ಪ ಹೆಗಲ ಮೇಲಿನ ಟವಲು ತೆಗೆದ. ಕ್ಯಾನಿನ ನೀರು ಸುರಿದು ಒದ್ದೆ ಮಾಡಿ, ಮಡಿಸಿ, ಮೆಟ್ಟಿಲ ಮೇಲೆ ಹಾಸಿದ. ಅಮ್ಮ ತಿರುಗಿ ನೋಡಿದಳು. ಚಪ್ಪಲಿ ಹಾಕಿ ಜೀಪು ಹತ್ತುವುದಕ್ಕಿಂತ ಇದು ಅವಳಿಗೆ ದೊಡ್ಡ ತಪ್ಪು.

"ನಿಮ್ ಟವಲ್ ತುಳೀಲಾ?"

"ತುಳಿ. ಒಗೆಯೋಳು ನೀನೇ ಅಲ್ವಾ," ಅಂದ ಅಪ್ಪ, ಟೈರಿನ ಕಡೆ ನೋಡುತ್ತ.

ಅಮ್ಮ ಮೊದಲು ಟವಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಾಲಿಟ್ಟಳು, ತಿರುಗಿದಳು, ಕೂತಳು, ಕಾಲು ಒಳಗೆಳೆದುಕೊಂಡಳು. ಯಾರೂ ಕೈ ಹಿಡಿಯಬೇಕಾಗಲಿಲ್ಲ.

ತೋಪಿನಲ್ಲಿ ಅವಳು ಮೊದಲ ಮರದ ಕೆಳಗೆ ಕೂರುವ ಮುಂಚೆ ಕೋಲೂರಿಕೊಂಡು ಕುಂಟೆ ಪಕ್ಕದ ಸೊಟ್ಟ ಮರದವರೆಗೂ ಹೋಗಿ ಅದರ ಮೈ ಸವರಿ ಬಂದಳು. ಅಪ್ಪ ಕಾಯಿ ಕಿತ್ತು ಮಡಿಲಿಗೆ ಹಾಕಿದ. ಈ ಸಲ ಅವಳು ಅವನ್ನು ಬುಟ್ಟಿಗೆ ಹಾಕಲಿಲ್ಲ. ಕೊಯ್ಲು ಮುಗಿಯುವವರೆಗೂ ಸೊನೆ ಅಂಟಿ ಸೀರೆ ಕಲೆಯಾದರೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಅವಳು ತೋಪಿಗೆ ಬಂದದ್ದು ಅದೇ ಕೊನೆ. ಮುಂದಿನ ಹೂವಿನ ಹೊತ್ತಿಗೆ ಅವಳಿರಲಿಲ್ಲ. ಜೀಪಿನ ಆ ಬಾಯಿಯನ್ನು ಮುಚ್ಚಿಬಿಡಿ, ಗಾಡಿ ಗಟ್ಟಿಯಾಗುತ್ತೆ ಎಂದು ಗೆಳೆಯರು ಹೇಳಿದರೆ ತಮ್ಮ ಈಗ ಅವರ ಜೊತೆ ಜಗಳಕ್ಕೇ ನಿಲ್ಲುತ್ತಾನೆ.

ಅವತ್ತು ಸಂಜೆ ಮನೆಗೆ ಬಂದ ಮೇಲೆ ಅಮ್ಮ ಟವಲು ಹುಡುಕಿಕೊಂಡು ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಟವಲು ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತ ತೂಗುತ್ತಿತ್ತು. ಒಗೆಯುವ ಕಲ್ಲಿನ ಪಕ್ಕದಲ್ಲಿ ಅಪ್ಪ ಮೊಣಕಾಲವರೆಗೆ ಪಂಚೆ ಎತ್ತಿಕಟ್ಟಿ ಕೈ ತೊಳೆಯುತ್ತಿದ್ದ. ಅವನು ಬಟ್ಟೆ ಒಗೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮ ಟವಲಿನ ತುದಿ ಹಿಡಿದು ನೋಡಿದಳು. ಸೋಪೇ ಹೋಗಿಲ್ಲ, ಕಲೆ ಹಾಗೇ ಇದೆ ಅಂದಳು. ಈಗ ಇಳಿಸಿ ಕಲ್ಲಿಗೆ ಹಾಕುತ್ತಾಳೆ ಎಂದು ನಾನು ಬಕೆಟ್ಟಿಗೆ ನೀರು ಬಿಟ್ಟೆ. ಅಮ್ಮ ನಲ್ಲಿ ನಿಲ್ಲಿಸಿದಳು. ಟವಲಿನ ಸುಕ್ಕು ಬಿಡಿಸಿ, ಗಾಳಿಗೆ ಹಾರದಂತೆ ಎರಡು ಕ್ಲಿಪ್ಪು ಹಾಕಿ, ಹಾಗೇ ಒಣಗಲು ಬಿಟ್ಟಳು.