ಐದನೇ ಮಹಡಿವರೆಗಿನ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಲಿಫ್ಟಿನೊಳಗೆ ಮರದ ಸ್ಟೂಲಿನ ಮೇಲೆ ಕೂತ ಹೆಂಗಸು ಐದರ ಗುಂಡಿ ಒತ್ತುತ್ತಾರೆ. ಎಲ್ಲರೂ ಕರೆಯುವುದು ‘ಲಿಫ್ಟಕ್ಕ’ ಎಂದೇ. ಫ್ಲಾಸ್ಕ್ ಹಿಡಿದ ಅಜ್ಜನೊಬ್ಬ, ಬಾಗಿಲು ಮುಚ್ಚುವ ಮೊದಲೇ ಬಾಯಿ ತೆರೆಯುತ್ತಾನೆ.

“ಮೂರು ದಿನ ಆಯ್ತಮ್ಮಾ, ನನ್ನವಳು ಕಣ್ಣೇ ಬಿಟ್ಟಿಲ್ಲ.”

“ಮತ್ತೆ ಈ ಕಾಫಿ ಯಾರಿಗಜ್ಜ?”

“ಅವಳಿಗೇ. ಎದ್ದ ತಕ್ಷಣ ಸಿಗದಿದ್ರೆ ಸೂರು ಹಾರೋ ಹಾಗೆ ಕೂಗ್ತಾಳೆ.”

“ಹಾಗಾದ್ರೆ ಮೊದ್ಲು ನೀವೊಂದು ಲೋಟ ಕುಡೀರಿ. ಬೈಸ್ಕೊಳ್ಳೋಕೂ ಶಕ್ತಿ ಬೇಕಲ್ಲ!”

ಅಜ್ಜ ನಗುತ್ತಾನೆ. ಐದನೇ ಮಹಡಿ ಬಂದಾಗ ಲಿಫ್ಟಕ್ಕನ ಕೈ ಹಿಡಿದುಕೊಳ್ಳುತ್ತಾನೆ: “ನೀನೂ ಒಂದು ಗಳಿಗೆ ಒಳಗೆ ಬಾರಮ್ಮ.”

ಲಿಫ್ಟಕ್ಕ ಬಾಗಿಲು ದಾಟುವುದಿಲ್ಲ. ಬಾಗಿಲಿಗೆ ತೋಳು ಅಡ್ಡವಿಟ್ಟು, ಅಜ್ಜ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿರುತ್ತಾರೆ. ಕೆಳಗೆ ಲಿಫ್ಟಿಗೆ ಕಾದವರ ಗಂಟೆ ಬಡಿದುಕೊಳ್ಳುತ್ತಲೇ ಇರುತ್ತದೆ.

ಹನ್ನೊಂದು ವರ್ಷದ ಕೆಲಸ. ದಿನಕ್ಕೆ ಇನ್ನೂರು ಸಲ ಮೇಲೆ, ಇನ್ನೂರು ಸಲ ಕೆಳಗೆ. ಒಂದು ಸಲಕ್ಕೆ ನಲವತ್ತು ಸೆಕೆಂಡು. ಹೆತ್ತವರಿಗೂ ಹೇಳದ್ದನ್ನು ಜನ ಅಷ್ಟರಲ್ಲೇ ಹೇಳಿಬಿಡುತ್ತಾರೆ.

ಯಾರ ಜೊತೆಗಾದರೂ ಬಾಗಿಲು ದಾಟಿದ್ದು ಒಮ್ಮೆ ಮಾತ್ರ, ಮೊದಲ ವರ್ಷ. ಅಳುತ್ತಿದ್ದ ತಾಯಿಯೊಬ್ಬಳ ಹಿಂದೆ ವಾರ್ಡಿಗೆ ಹೋದರು. ಪಾಳಿ ಮುಗಿದ ಮೇಲೂ, ಹದಿನೆಂಟು ದಿನ, ಆಕೆಯ ಮಗುವಿನ ಹಾಸಿಗೆಯ ಪಕ್ಕ ಕೂತರು. ಮಗು ಉಳಿಯಲಿಲ್ಲ. ಆ ದಿನಗಳಲ್ಲಿ ಲಿಫ್ಟಕ್ಕನಿಗೆ ಮನೆಯ ನೆನಪೇ ಇರಲಿಲ್ಲ. ತಮ್ಮದೇ ನಾಲ್ಕು ವರ್ಷದ ಮಗಳು ಜ್ವರದಲ್ಲಿ ಸುಡುತ್ತಿದ್ದದ್ದು ಪಕ್ಕದ ಮನೆಯವರು ಹೇಳಿದಾಗಲೇ ತಿಳಿದದ್ದು.

“ಊರ ಕೂಸಿಗೆಲ್ಲ ತಾಯಾಗೋಕೆ ಹೋಗಿ ನನ್ನ ಕೂಸನ್ನೇ ತಬ್ಬಲಿ ಮಾಡ್ತಿದ್ದೆ. ಎಲ್ಲರ ಭಾರ ಹೊರೋನು ಮೇಲಿದ್ದಾನೆ. ನನ್ನ ಡ್ಯೂಟಿ ಐದನೇ ಮಹಡಿವರೆಗೆ ಅಷ್ಟೇ,” ಎನ್ನುತ್ತಾರೆ ಲಿಫ್ಟಕ್ಕ.

ಮೂರಕ್ಕೆ ಪಾಳಿ ಮುಗಿಯುತ್ತದೆ. ಮೇಲಿನ ಮಹಡಿಯಲ್ಲಿ ಮುಂದಿನ ಪಾಳಿಯವರಿಗೆ ಸ್ಟೂಲು ಒಪ್ಪಿಸಿ, ಮೊಣಕಾಲು ನೋಯುತ್ತಿದ್ದರೂ, ಮೆಟ್ಟಿಲಿಳಿದೇ ಬರುತ್ತಾರೆ. ಒಂದೊಂದು ಮೆಟ್ಟಿಲಿಗೆ, ಅಂದು ಲಿಫ್ಟಿನಲ್ಲಿ ಮನಸ್ಸು ಬಿಚ್ಚಿದ ಒಬ್ಬೊಬ್ಬರನ್ನು ನೆನೆದು, ದೇವರಿಗೊಪ್ಪಿಸಿ, ಅಲ್ಲೇ ಬಿಟ್ಟು ಬರುವುದು ಅವರ ಪದ್ಧತಿ. ಇನ್ನೇನು ಬೇಕು ಬದುಕಿನಲ್ಲಿ ಎಂದು ಕೇಳಿದರೆ, “ಕೆಳಗೆ ಹೋಗೋ ಹೊತ್ತಿಗೆ ಮಗಳಿಗೆ ಅಂತ ಒಂದು ಕಿವಿ ಉಳಿದಿದ್ರೆ ಸಾಕು.”

ಕೆಳಗೆ ಶಾಲೆಯ ಚೀಲ ಹೊತ್ತ ಹದಿನಾಲ್ಕರ ಮಗಳು ಕಾದಿದ್ದಾಳೆ. “ಏನಮ್ಮಾ, ಆಮೆ ಹತ್ರ ಓಟ ಕಲಿತು ಬಂದ್ಯಾ?”

“ಒಬ್ಬ ಅಜ್ಜ ಕೈ ಬಿಡ್ಲಿಲ್ಲ ಕಣೇ.”

“ನೀನು ಬಿಟ್ಯಾ?”

ಲಿಫ್ಟಕ್ಕ ಕೊನೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಅಜ್ಜನನ್ನೂ ದೇವರಿಗೊಪ್ಪಿಸುತ್ತಾರೆ. ಆಮೇಲೆ ಇಳಿದು, ಮಗಳ ಚೀಲಕ್ಕೆ ಕೈ ಚಾಚುತ್ತಾರೆ.

“ಹ್ಞೂಂ, ಈಗ ಹೇಳು. ನಿನ್ನ ಜೊತೆ ಮಾತು ಬಿಟ್ಟಿದ್ದ ಗೆಳತಿ ಇವತ್ತಾದ್ರೂ ಮಾತಾಡಿದ್ಲಾ?”