ಲೆಕ್ಕದ ಯಂತ್ರಕ್ಕೆ ಹೂವಿನ ಪೂಜೆ

ಇವತ್ತು ನಮ್ಮ ಬಂಟ್ವಾಳದ ಬಸ್ ಆಫೀಸಿನಲ್ಲಿ ಆದದ್ದು ಕೇಳಿ ಮಾರಾಯ್ರೆ. ನಯಾಪೈಸೆ ಬಂದಾಗ ಧಣಿಗಳು ತರಿಸಿದ ಲೆಕ್ಕದ ಯಂತ್ರ ಉಂಟಲ್ಲ, ಹಿಡಿ ತಿರುಗಿಸಿದರೆ ತಾನೇ ಕೂಡಿಸಿ ತೋರಿಸುವುದು, ಅದನ್ನು ಮಾಡುವ ಕಂಪೆನಿ ಮುಚ್ಚಿತಂತೆ. ಒಳಗಿನ ಸ್ಪ್ರಿಂಗ್ ತುಂಡಾದರೆ ಇನ್ನು ಬೇರೆ ಸಿಗುವುದಿಲ್ಲ.

ಬೆಳಗ್ಗಿನಿಂದ ಹಿಡಿ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ನನಗಂತೂ ಬಾಯಿಲೆಕ್ಕ ಮರೆತೇ ಹೋಗಿದೆ. ಯಂತ್ರ ನಿಂತರೆ ನನ್ನ ಕೆಲಸವೂ ಹೋದ ಹಾಗೆ. ಅದು ಕೆಡದಿರಲಿ ಎಂದು ಧಣಿಗಳು ಪೊಳಲಿ ದೇವಸ್ಥಾನಕ್ಕೆ ಹೂವಿನ ಪೂಜೆಯ ಹರಕೆ ಹೇಳಿಕೊಂಡರು.

ಮಧ್ಯಾಹ್ನ ಪೈಪೋಟಿಯ ಲೆಕ್ಕಯಂತ್ರದ ಕಂಪೆನಿಯ ಏಜೆಂಟರು ಮೂಡಬಿದ್ರೆಯಿಂದ ಬಂದರು. ಖುಷಿಯಲ್ಲಿರಬಹುದು ಅಂದುಕೊಂಡರೆ ಅವರ ಮುಖ ಬಿಳುಚಿಕೊಂಡಿತ್ತು.

"ನಿಮ್ಮದೇ ಒಂದು ಕೊಡಿ. ಇದಕ್ಕೆ ಪೊಳಲಿಗೆ ಹೂವಿನ ಪೂಜೆ ಹರಕೆ ಹೇಳಿ ಕೂತಿದ್ದೇನೆ" ಎಂದರು ಧಣಿಗಳು.

"ಎಲ್ಲಿಂದ ಕೊಡುವುದು ಧಣಿಗಳೇ? ನಮ್ಮ ಯಂತ್ರಕ್ಕೂ ಸ್ಪ್ರಿಂಗ್ ಬರುತ್ತಿದ್ದದ್ದು ಆ ಮುಚ್ಚಿದ ಕಾರ್ಖಾನೆಯಿಂದಲೇ."

ಆಮೇಲೆ ಏಜೆಂಟರು ಸಣ್ಣ ಸ್ವರದಲ್ಲಿ ಕೇಳಿದರು: "ಪೊಳಲಿಗೆ ಹೋಗುವಾಗ ನನ್ನ ಹೆಸರಲ್ಲೂ ಒಂದು ಹೂವಿನ ಪೂಜೆ ಮಾಡಿಸ್ತೀರಾ?"

ಇಷ್ಟು ವರ್ಷ ಒಂದನ್ನೊಂದು ಮುಗಿಸಲು ನೋಡಿದ ಕಂಪೆನಿಗಳು. ಈಗ ಎರಡಕ್ಕೂ ಒಂದೇ ಪ್ರಸಾದ.