‘ಅಡ್ಡಿ ಇಲ್ಲ’ಕ್ಕೆ ಎಷ್ಟು ಅಂಕ?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಶನಿವಾರ ನಡೆದದ್ದಕ್ಕೆ ಅರ್ಧ ಕಾರಣ ಅದೇ. ಇನ್ನರ್ಧಕ್ಕೆ ಕಾರಣ ಬ್ಯಾಡಗಿ ಸೀಮೆಯವರ ನಾಲಿಗೆ.

ನಾನು ಮಂಡ್ಯ ಕಡೆಯವಳು. ಬ್ಯಾಡಗಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಗೆ ಗಣಿತದ ಶಿಕ್ಷಕಿಯಾಗಿ ಬಂದು ಆಗ ನಾಲ್ಕು ವರ್ಷವಾಗಿತ್ತು. ಆ ಜೂನ್‌ನಲ್ಲಿ ವರ್ಗಾವಣೆಗೆ ಅರ್ಜಿ ಕರೆದಿದ್ದರು. ಊರಿನಿಂದ ಅಮ್ಮ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು: “ಅರ್ಜಿ ಹಾಕಿದ್ಯಾ? ಮರ್ತುಗಿರ್ತುಬುಟ್ಟೀಯೆ.” ಮರೆತಿರಲಿಲ್ಲ, ಮನಸ್ಸು ಮಾಡಿರಲಿಲ್ಲ ಅಷ್ಟೇ. ನನಗೆ ಇಲ್ಲಿಯ ಜೋಳದ ರೊಟ್ಟಿ ಹಿಡಿಸಿತ್ತು, ಮಕ್ಕಳು ಹಿಡಿಸಿದ್ದರು. ಇವರಿಗೆ ನಾನು ಹಿಡಿಸಿದ್ದೇನೋ ಇಲ್ಲವೋ, ಅದೊಂದು ಮಾತ್ರ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಬ್ಬರ ಬಾಯಿಂದಲೂ ‘ಚೆನ್ನಾಗಿ ಪಾಠ ಮಾಡ್ತೀರಿ’ ಎಂಬ ಒಂದು ಮಾತು ಬಂದಿರಲಿಲ್ಲ. ನನಗೆ ಹೊಗಳಿಕೆ ಇಷ್ಟ. ಯಾರಿಗಿಲ್ಲ ಹೇಳಿ?

ಅದೇ ಹೊತ್ತಿಗೆ ನಮ್ಮ ಮುಖ್ಯೋಪಾಧ್ಯಾಯರಿಗೆ ಒಂದು ಹುಕಿ ಬಂತು. ರಾಣೆಬೆನ್ನೂರಿನ ಯಾವುದೋ ಖಾಸಗಿ ಶಾಲೆಯ ವ್ಯಾನು ದಿನಾ ಬೆಳಿಗ್ಗೆ ನಮ್ಮ ಗೇಟಿನ ಮುಂದೆಯೇ ನಿಂತು ಊರಿನ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಅವರಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ. “ನಮ್ಮ ಸಾಲಿ ಬಗ್ಗೆ ಮಂದಿ ಏನಂತಾರ ಅನ್ನೂದನ್ನ ಬರಸ್ಕೊಂಡು ಗೇಟಿಗೆ ದೊಡ್ಡ ಫ್ಲೆಕ್ಸ್ ಹಾಕೂಣ್ರಿ,” ಎಂದರು. ವಿದ್ಯಾರ್ಥಿಗಳಿಗೆ, ಪಾಲಕರಿಗೆ, ಶಿಕ್ಷಕರಿಗೆ ಬೇರೆ ಬೇರೆ ಹಾಳೆ ಅಚ್ಚಾಯಿತು. ಪಾಲಕರ ಹಾಳೆಯಲ್ಲಿ ಒಂದೊಂದು ವಿಷಯದ ಮುಂದೆಯೂ ಮೂರು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ. ಅದಕ್ಕೂ ಕೆಳಗಿನ ಚೌಕ ಇಡುವ ಧೈರ್ಯ ಅವರಿಗೂ ಇರಲಿಲ್ಲ.

ನಾನು ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡೆ. ಈ ಹಾಳೆಗಳು ಹೇಳಿದ ಹಾಗೆ ಕೇಳುವುದು. ಈ ಜನಕ್ಕೆ ನಾನು ಬೇಕಾದರೆ ಇರುತ್ತೇನೆ. ಬೇಡವಾದರೆ ಅವತ್ತೇ ಸಂಜೆ ಅರ್ಜಿ.

ಶನಿವಾರ ಪಾಲಕರು ಬಂದರು. ಬಿತ್ತನೆಯ ಕಾಲ, ಕಾಲಿಗೆ ಮೆತ್ತಿದ ಎರೆಮಣ್ಣು ಹಾಗೇ ಇತ್ತು. ಹುಡುಗಿಯರ ಪಾಲಕರು ನನ್ನ ಮೇಜಿಗೆ, ಹುಡುಗರ ಪಾಲಕರು ಹಿಂದಿ ಮಾಸ್ತರರ ಮೇಜಿಗೆ ಎಂದಾಗಿತ್ತು. ಹಿಂದಿ ಮಾಸ್ತರರು ಅಗಡಿಯವರು, ಈ ನೆಲದಲ್ಲೇ ಹುಟ್ಟಿ ಬೆಳೆದವರು. ಪೆನ್ನು ಕೊಟ್ಟರೆ ಯಾರೂ ಮುಟ್ಟಲಿಲ್ಲ. “ನಾ ಹೇಳ್ತೇನಿ, ನೀವ ಬರಕೋರಿ ಅಕ್ಕಾರ. ಲಗೂ ಕೇಳ್ರಿ, ಹೊಲದಾಗ ಕೂರಿಗಿ ನಿಂತೈತಿ,” ಎನ್ನುತ್ತಿದ್ದರು. ಇಲ್ಲಿ ಪಾಲಕರು ಶಿಕ್ಷಕಿಯನ್ನು ಕರೆಯುವುದೇ ಅಕ್ಕಾರ ಎಂದು.

“ಶಾಲೆ ಹೇಗಿದೆ?”

“ಅಡ್ಡಿ ಇಲ್ರಿ.”

“ಬಿಸಿಯೂಟ?”

“ಅಡ್ಡಿ ಇಲ್ಲ.”

“ಗಣಿತದ ಪಾಠ?”

ನನ್ನ ಮುಖವನ್ನೇ ನೋಡುತ್ತ, “ಅಡ್ಡಿ ಇಲ್ರಿ ಅಕ್ಕಾರ.”

ನಮ್ಮ ಕಡೆ ‘ಅಡ್ಡಿ ಇಲ್ಲ’ ಎಂದರೆ ತಕರಾರಿಲ್ಲ, ಹೇಗೋ ನಡೆಯುತ್ತದೆ, ಹೋಗಲಿ ಬಿಡಿ ಎಂದರ್ಥ. ಸಾರು ಸಪ್ಪೆಯಾದ ದಿನ ನೆಂಟರು ಹೇಳುವ ಮಾತು ಅದು. ನಾನು ಸಾಧಾರಣದ ಚೌಕಕ್ಕೆ ಗುರುತು ಹಾಕಿದೆ. ಮುಂದಿನವರೂ ಅದನ್ನೇ ಹೇಳಿದರು, ಅದರ ಮುಂದಿನವರೂ. ಹತ್ತನೆಯವರು ಬರುವ ಹೊತ್ತಿಗೆ ನನ್ನ ಪೆನ್ನು ಹಾಳೆಯನ್ನು ಹರಿಯುತ್ತಿತ್ತು. ಕೊನೆಗೆ ಒಬ್ಬ ತಂದೆ ಬಂದರು. ಅವರ ಹಿರಿಯ ಮಗಳು ನನ್ನ ಕೈಕೆಳಗೆ ಓದಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದಳು, ಕಿರಿಯಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಇವರಾದರೂ ಬಾಯಿ ಬಿಟ್ಟಾರು ಎಂದುಕೊಂಡೆ. ಗಣಿತ ಎಂದೊಡನೆ ಅವರು ಬಹಳ ಹೊತ್ತು ಯೋಚಿಸಿದರು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು, ಆಮೇಲೆ “ಅಡ್ಡಿ ಇಲ್ಲ” ಎಂದರು. ಅಷ್ಟು ಹೇಳಿದ್ದೇ ಹೆಚ್ಚಾಯಿತೇನೋ ಎಂಬಂತೆ ನಾಚಿಕೊಂಡು ಎದ್ದು ಹೋದರು.

ಹೀಗೆ ನನ್ನ ಪಾಠ ಸಾಧಾರಣವೆಂದು ನಾನೇ, ನನ್ನ ಕೈಯಾರೆ, ಒಂದು ಕಟ್ಟು ಹಾಳೆಯ ಮೇಲೆ ದಾಖಲಿಸಿದೆ.

ಸಂಜೆ ಬ್ಯಾಡಗಿಗೆ ಹೋಗಿ ಮಾರುಕಟ್ಟೆ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಜಿ ಹಾಕಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಂಗಡಿಯವರು ಫ್ಯಾನು ಜೋರು ಮಾಡಿ, “ಇವತ್ತ ಮೆಣಸಿನಕಾಯಿ ಘಾಟು ಭಾಳ ಐತ್ರಿ,” ಎಂದರು. ಹೂಂ ಎಂದೆ. ಮನೆಗೆ ಬಂದು ಶಿಕ್ಷಕರ ಹಾಳೆ ತೆಗೆದು, ಈ ಊರಿಗೆ ಶಿಕ್ಷಕರ ಬೆಲೆ ಗೊತ್ತಿಲ್ಲ ಎಂದು ಶುರುಮಾಡಿ ಎರಡೂ ಮಗ್ಗುಲು ತುಂಬಿಸಿದೆ. ಬರೆದಷ್ಟೂ ಹಗುರವಾಯಿತು.

ಸೋಮವಾರ ಬೆಳಿಗ್ಗೆ ಅದನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದೆ. ಮಧ್ಯಾಹ್ನ ಅವರು ಹಾಳೆಗಳನ್ನೆಲ್ಲ ಮುಂದೆ ಹರಡಿಕೊಂಡು ಹಿಂದಿ ಮಾಸ್ತರರನ್ನೂ ನನ್ನನ್ನೂ ಕರೆಸಿದರು. “ಇದೇನ್ರಿ ಇದು? ಹುಡುಗೂರ ಪಾಲಕರಿಗೆ ಎಲ್ಲಾ ಅತ್ಯುತ್ತಮ, ಹುಡುಗೇರ ಪಾಲಕರಿಗೆ ಎಲ್ಲಾ ಸಾಧಾರಣ! ಇಲ್ಲಿ ನೋಡ್ರಿ, ಒಬ್ಬಾಂವ ಮಗನ ಹಾಳ್ಯಾಗ ಒಂದು ಹೇಳ್ಯಾನ, ಮಗಳ ಹಾಳ್ಯಾಗ ಇನ್ನೊಂದು. ಒಂದ ಸಾಲಿ, ಅಪ್ಪನೂ ಒಬ್ಬನ!”

ಹಿಂದಿ ಮಾಸ್ತರರು ನನ್ನ ಕಡೆ ತಿರುಗಿದರು. “ಅವರು ಬಾಯಿಲೆ ಏನಂದ್ರು ಮೇಡಮ್?”

“ಅಡ್ಡಿ ಇಲ್ಲ ಅಂದ್ರು.”

“ನನಗೂ ಅದನ್ನ ಅಂದ್ರಲ್ರಿ!”

ಆಮೇಲೆ ಹಿಂದಿ ಮಾಸ್ತರರು ನಕ್ಕರು ನೋಡಿ, ಮೇಜು ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕರು. “ಮೇಡಮ್, ‘ಭಾಳ ಚಲೋ ಐತಿ’ ಅನ್ನೂದು ಮಾರಾವನ ಮಾತ್ರಿ. ತೊಗೊಳ್ಳಾಂವ ಹಂಗ ಅನ್ನಂಗಿಲ್ಲ. ಅಂವ ಚೀಲದಾಗ ಕೈ ಹಾಕಿ, ಒಂದು ಮೆಣಸಿನಕಾಯಿ ಮುರದು, ಮೂಸಿ ನೋಡಿ ‘ಅಡ್ಡಿ ಇಲ್ಲ’ ಅಂದಾ ಅಂದ್ರ ಮುಗೀತು, ಆ ಚೀಲಾ ಮತ್ತೊಬ್ಬರಿಗೆ ಬಿಟ್ಟು ಕೊಡಂಗಿಲ್ಲ. ಇದರ ಮ್ಯಾಲ ನಮ್ಮಲ್ಲಿ ಮಾತ ಇಲ್ರಿ.”

ಮುಖ್ಯೋಪಾಧ್ಯಾಯರು ನನ್ನ ಎರಡು ಮಗ್ಗುಲಿನ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, “ಇದನ್ನ ನಾ ಇನ್ನೂ ಓದಿಲ್ರಿ,” ಎಂದರು. ಪೂರ್ತಿ ಓದಿದ್ದಾರೆಂದು ಮುಖವೇ ಹೇಳುತ್ತಿತ್ತು.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎನ್ನಿಸಿತು. ಅರ್ಜಿ ಬೇರೆ ಹೋಗಿಯಾಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮಕ್ಕಳ ಹಾಳೆಗಳನ್ನು ಓದುತ್ತ ಕೂತೆ. ‘ಆಟದ ಪೀರಿಯಡ್ಡು ಇನ್ನೂ ಎರಡು ಬೇಕು’ ಎಂದಿತ್ತು. ‘ನೀರಿನ ಟಾಕಿ ತೊಳೆಸಿರಿ’ ಎಂದಿತ್ತು. ಒಂದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಗಣಿತ ಟೀಚರ್ ಸಿಟ್ಟಿಗೆದ್ದಾಗ ಯಾಕ್ಲಾ, ಏನ್ಲಾ ಅಂತಾರೆ. ನಮಗೆ ನಗು ಬರುತ್ತದೆ. ನಗು ತಡೆದುಕೊಳ್ಳುವುದು ಬಹಳ ಕಷ್ಟ. ಆದರೂ ಅವರು ದಿನಾ ಸಿಟ್ಟಿಗೆದ್ದರೆ ಒಳ್ಳೆಯದು.’ ಸಿಬ್ಬಂದಿ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕೆ.

ಆ ವಾರವೇ ಗೇಟಿಗೆ ಫ್ಲೆಕ್ಸ್ ಏರಿತು. ಮುಖ್ಯೋಪಾಧ್ಯಾಯರು ಹಟಕ್ಕೆ ಬಿದ್ದು, ಚೌಕಗಳ ಗೊಡವೆಯೇ ಬೇಡವೆಂದು, ಜನ ಹೇಳಿದ ಮಾತನ್ನೇ ಅಚ್ಚು ಹಾಕಿಸಿದ್ದರು. ಕನ್ನಡ: ಅಡ್ಡಿ ಇಲ್ಲ. ವಿಜ್ಞಾನ: ಅಡ್ಡಿ ಇಲ್ಲ. ಗಣಿತ: ಅಡ್ಡಿ ಇಲ್ಲ. ಅದರ ಮುಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನಿಂತು ಓದುತ್ತಿದ್ದರು. ಬ್ಯಾಡಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಮನೆಯಲ್ಲಿ ಉರ್ದು ಆಡುವವರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು.

“ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ತಮ್ಮನ್ನ ತಾವ ಇಷ್ಟು ಹೊಗಳಕೋಬಾರದ್ರಿ. ಮಂದಿ ನಗ್ತಾರ.”

ಆಮೇಲೆ ಫ್ಲೆಕ್ಸಿನ ಗಣಿತದ ಸಾಲಿಗೆ ಬೆರಳಿಟ್ಟರು.

“ಗಣಿತದ ಮುಂದ ಹಾಕೀರಲ್ಲ, ಅದು ಮಾತ್ರ ಖರೇ ಐತಿ. ನನ್ನ ಮಗಳು ಮೊದಲ ಲೆಕ್ಕದ ಪುಸ್ತಕ ಕಂಡ್ರ ಹೊಟ್ಟಿನೋವು ಅಂತಿದ್ಲು. ಈಗ ನಾ ಬಟ್ಟಿ ಕತ್ತರಸಾಕ ಕುಂತ್ರ, ‘ಅಮ್ಮಿ ತಡಿ, ಹಿಂಗ ಅಡ್ಡ ಮಡಚಿ ಕತ್ತರಿಸಿದ್ರ ಉಳಿತೈತಿ’ ಅಂತ ಕೈಯಾಗಿನ ಸುಣ್ಣದ ಕಡ್ಡಿ ಕಸಗೊಳ್ತಾಳ. ಹಂಗ ಉಳಿದ ಬಟ್ಟ್ಯಾಗ ಹಬ್ಬಕ್ಕ ಅಕಿ ತಂಗಿಗೆ ಒಂದು ಫ್ರಾಕ್ ಆತ್ರಿ.”

ಮರುದಿನ ಆ ತಂಗಿಯನ್ನೇ ಫ್ರಾಕು ತೊಡಿಸಿ ಅಕ್ಕನ ಜೊತೆ ಶಾಲೆಗೆ ಕಳಿಸಿದ್ದರು. ಮೈ ನೀಲಿ, ತೋಳು ಹಳದಿ. ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಫ್ರಾಕನ್ನು ಸುತ್ತಲೂ ನೋಡಿದೆ. ನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ್ದು ಈ ಮಗುವಿನ ಮೈಮೇಲೆ ಬಟ್ಟೆಯಾಗಿತ್ತು. ನನಗೆ ಅವತ್ತು ಆದಷ್ಟು ಸಂತೋಷ ನೌಕರಿಯ ಆದೇಶ ಬಂದ ದಿನವೂ ಆಗಿರಲಿಲ್ಲ.

ಮುಂದಿನ ತಿಂಗಳು ಹಾವೇರಿಯಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ನನ್ನ ಸರದಿ ಬಂದಾಗ ಪರದೆಯ ಮೇಲೆ ನಮ್ಮೂರಿನ ಪಕ್ಕದ ಊರಿನ ಶಾಲೆಯೇ ಖಾಲಿ ಕಾಣುತ್ತಿತ್ತು. ಅಮ್ಮನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. “ಆರಿಸ್ಕೋರಿ ಮೇಡಮ್, ಇಂಥಾ ಜಾಗ ಮತ್ತ ಸಿಗಂಗಿಲ್ಲ,” ಎಂದರು ಅಧಿಕಾರಿ.

“ಬ್ಯಾಡ್ರಿ,” ಎಂದೆ.

ಅವರು ಒಮ್ಮೆ ಕಡತದಲ್ಲಿದ್ದ ಮಂಡ್ಯವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು, “ಬ್ಯಾಡ್ರಿ ಅಂದ್ಯಾ? ಹಂಗೇ ಅಂದ್ಯಾ?” ಎಂದು ಕೇಳಿ, ಮೂಗು ಸೇದುತ್ತಲೇ ನಕ್ಕಳು. “ಅಲ್ಲಿಯೋಳೇ ಆಗೋದೆ ಬುಡು. ದಸರಾಕ್ಕೆ ನಾನೇ ಬತ್ತೀನಿ.”

ಮರುದಿನ ಮೊದಲ ಪೀರಿಯಡ್ಡು ಹತ್ತನೆಯ ತರಗತಿಗೆ. ನಾನು ಕೌನ್ಸೆಲಿಂಗಿಗೆ ಹೋದ ಸುದ್ದಿ ಮಕ್ಕಳಿಗೂ ತಲುಪಿತ್ತು. ನಾನು ಬಾಗಿಲಲ್ಲಿ ಕಂಡದ್ದೇ ಗದ್ದಲ ನಿಂತಿತು. ಮುಂದಿನ ಬೆಂಚಿನ ಹುಡುಗಿ ಎದ್ದಳು.

“ವರ್ಗ ಆಗಲಿಲ್ರೀ ಟೀಚರ್?”

“ಇಲ್ಲ.”

“ಹೋಗಂಗೇ ಇಲ್ರೀ?”

“ಹೋಗಲ್ಲ.”

ಕೂಗು ಎದ್ದಿತು. ಬೆಂಚು ಬಡಿದರು, ಯಾರೋ ಸೀಟಿ ಹಾಕಿದರು, ಪಕ್ಕದ ಕೋಣೆಯಿಂದ ಹಿಂದಿ ಮಾಸ್ತರರು ಓಡಿ ಬಂದು ಇಣುಕಿದರು. ನಾನು ಕಣ್ಣೊರೆಸಿಕೊಳ್ಳಲು ಸೆರಗು ಎತ್ತುವಷ್ಟರಲ್ಲಿ ನಡುವಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಎದ್ದು ನಿಂತಳು.

“ಹಂಗಾರ ಟೀಚರ್, ಇವತ್ತಿನ ಟೆಸ್ಟ್ ಐತ್ರೀ?”

ಒಬ್ಬೊಬ್ಬರ ಮುಖ ನೋಡಿದೆ. ಟೀಚರ್ ಜೊತೆ ಟೆಸ್ಟೂ ಹೋಯಿತೆಂದು ನಂಬಿ ಒಬ್ಬರೂ ಪುಸ್ತಕ ಮುಟ್ಟಿರಲಿಲ್ಲ.

“ಐತಿ,” ಎಂದೆ.

ಇಡೀ ತರಗತಿಯ ಬಾಯಿಂದ ಒಟ್ಟಿಗೆ ‘ಅಯ್ಯಯ್ಯೋ’ ಬಂತು. ನಾನು ಹಲಗೆಯ ಕಡೆ ತಿರುಗಿ ಮೊದಲ ಪ್ರಶ್ನೆ ಬರೆದೆ, ಎರಡನೆಯದು ಬರೆದೆ, ಐದೂ ಬರೆದು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅತ್ತಲೇ ತಿರುಗಿ ನಿಂತಿದ್ದೆ. ಅಳುತ್ತಾ ನಗುವ ಟೀಚರನ್ನು ಕಂಡರೆ ಮಕ್ಕಳು ಪರೀಕ್ಷೆಗೆ ಹೆದರುವುದಿಲ್ಲ.